ಬಾನಿಗೆ ಚುಕ್ಕಿಯಿಟ್ಟ ಅನಾಮಿಕ

ಸೂರ್ಯ ಮುಳುಗಿ ಒಂದು ಗಂಟೆ ಕಳೆದ ಮೇಲೆ, ದೀಪಗಳ ಬೆಳಕು ತಾಗದ ಬಯಲಿನಲ್ಲಿ ನಿಂತು ಆಕಾಶವನ್ನು ನೋಡುವ ಅಭ್ಯಾಸವುಳ್ಳವರಿಗೆ ಆಗಾಗ ಒಂದು ವಿಶೇಷ ನೋಟ ದೊರೆಯುತ್ತದೆ. ನಿಂತಲ್ಲೇ ನಿಂತಂತೆ ತೋರುವ ತಾರೆಗಳ ನಡುವೆ ಒಂದು ಚುಕ್ಕಿ ಮಾತ್ರ ಸದ್ದಿಲ್ಲದೆ ನಡೆದುಹೋಗುತ್ತಿರುತ್ತದೆ. ಅದು ವಿಮಾನವಲ್ಲ, ವಿಮಾನವಾಗಿದ್ದರೆ ಕೆಂಪು, ಹಸಿರು ದೀಪಗಳು ಮಿನುಗುತ್ತಿದ್ದವು, ಸ್ವಲ್ಪ ಹೊತ್ತಿಗೆ ಅದರ ಮೊರೆತವೂ ಕೇಳಿಸುತ್ತಿತ್ತು. ಉಲ್ಕೆಯೂ ಅಲ್ಲ, ಉಲ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದು ಮರೆಯಾಗುತ್ತದೆ. ಈ ಚುಕ್ಕಿಯಾದರೋ ನಾಲ್ಕೈದು ನಿಮಿಷಗಳ ಕಾಲ ಒಂದೇ ಹದವಾದ ನಡಿಗೆಯಲ್ಲಿ ಬಾನಿನ ಒಂದು ಅಂಚಿನಿಂದ ಇನ್ನೊಂದು ಅಂಚಿನ ಕಡೆಗೆ ಸಾಗುತ್ತದೆ. ಮಾನವನು ತನ್ನ ಕೈಯಾರೆ ಮಾಡಿ ಮೇಲಕ್ಕೆ ಕಳುಹಿಸಿದ ಕೃತಕ ಉಪಗ್ರಹವದು.

ಉಪಗ್ರಹಕ್ಕೆ ನಮಗೆ ಕಾಣುವಂಥ ಸ್ವಂತ ಬೆಳಕಿಲ್ಲ. ಸಂಜೆಯ ಹೊತ್ತು ದೇವಸ್ಥಾನದ ಅಂಗಳದಲ್ಲಿ ಕತ್ತಲು ಕವಿಯತೊಡಗಿದ್ದರೂ ಗೋಪುರದ ಕಳಶದ ಮೇಲೆ ಬಿಸಿಲು ಇನ್ನೂ ಹೊಳೆಯುತ್ತಿರುವುದನ್ನು ನೀವು ಕಂಡಿರಬಹುದು. ಎತ್ತರದಲ್ಲಿರುವ ವಸ್ತುವಿಗೆ ಸೂರ್ಯಾಸ್ತ ತಡವಾಗಿ ಆಗುತ್ತದೆ. ನೂರಾರು ಕಿಲೋಮೀಟರುಗಳ ಎತ್ತರದಲ್ಲಿ ಸಂಚರಿಸುವ ಉಪಗ್ರಹಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ನೆಲದ ಮೇಲೆ ಇರುಳಾಗಿರುವಾಗ ಅದರ ಮೇಲೆ ಇನ್ನೂ ಬಿಸಿಲು ಬಿದ್ದಿರುತ್ತದೆ. ಆ ಬಿಸಿಲು ಅದರ ಮೈಯಿಂದ ಪ್ರತಿಫಲಿಸಿ ನಮ್ಮ ಕಣ್ಣನ್ನು ಮುಟ್ಟುತ್ತದೆ. ಆದುದರಿಂದಲೇ ಅದು ಮುಸ್ಸಂಜೆಯ ಅನಂತರದ ಒಂದೆರಡು ಗಂಟೆಗಳಲ್ಲಿಯೂ, ಬೆಳಗಿನ ಜಾವದಲ್ಲಿಯೂ ಚೆನ್ನಾಗಿ ಕಾಣುವುದು. ಕೆಲವೊಮ್ಮೆ ಬಾನಿನ ನಡುವೆಯೇ ಅದು ಮಂಕಾಗಿ ಇಲ್ಲವಾಗುವುದುಂಟು. ಆಗ ಅದು ಭೂಮಿಯ ನೆರಳನ್ನು ಹೊಕ್ಕಿತೆಂದು ತಿಳಿಯಬೇಕು.

ಇಂಥ ನಡೆಯುವ ಚುಕ್ಕಿಯನ್ನು ೧೯೫೭ರ ಅಕ್ಟೋಬರ್ ೪ಕ್ಕೆ ಮೊದಲು ಯಾವ ಮನುಷ್ಯನೂ ಕಂಡಿರಲಿಲ್ಲ. ಆ ದಿನ ಸೋವಿಯತ್ ಒಕ್ಕೂಟವು ಜಗತ್ತಿನ ಮೊಟ್ಟಮೊದಲ ಕೃತಕ ಉಪಗ್ರಹವಾದ ಸ್ಪುಟ್ನಿಕ್ ಅನ್ನು ಕಕ್ಷೆಗೆ ಸೇರಿಸಿತು. ಮುಂದಿನ ದಿನಗಳಲ್ಲಿ ದೇಶದೇಶಗಳ ಜನರು ಮಾಳಿಗೆಗಳನ್ನೇರಿ, ಹೊಲಗದ್ದೆಗಳಲ್ಲಿ ನಿಂತು ಆಕಾಶವನ್ನು ಅರಸಿದರು. ಚುಕ್ಕಿ ಕಣ್ಣಿಗೆ ಬಿತ್ತು; ಅದನ್ನು ಅಲ್ಲಿ ಇಟ್ಟವರಾರೆಂಬುದು ಮಾತ್ರ ತಿಳಿಯಲಿಲ್ಲ. ಪತ್ರಿಕೆಗಳು ಅವರನ್ನು ಮುಖ್ಯ ವಿನ್ಯಾಸಕಾರ ಎಂಬ ಪದವಿಯಿಂದ ಮಾತ್ರ ಕರೆದವು. ಎಂಟು ವರ್ಷಗಳಿಗೂ ಮಿಗಿಲಾದ ಕಾಲ ಲೋಕಕ್ಕೆ ಅಜ್ಞಾತರಾಗಿಯೇ ಉಳಿದ ಆ ಪುರುಷರ ಹೆಸರು ಸೆರ್ಗೈ ಪಾವ್ಲೊವಿಚ್ ಕೊರೊಲೆವ್.

ಕೊರೊಲೆವ್ ಅವರು ಹುಟ್ಟಿದ್ದು ೧೯೦೭ರ ಜನವರಿ ೧೨ರಂದು, ಉಕ್ರೇನಿನ ಝಿತೋಮಿರ್ ಎಂಬ ಪಟ್ಟಣದಲ್ಲಿ. ಆ ಪ್ರದೇಶ ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿತ್ತು. ತಂದೆ ರಷ್ಯನ್ ಭಾಷೆಯ ಉಪಾಧ್ಯಾಯರು. ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ತಂದೆತಾಯಿಗಳು ಬೇರೆಯಾದರು. ತಾಯಿ ಮಾರಿಯಾ ತಮ್ಮ ವಿದ್ಯಾಭ್ಯಾಸವನ್ನು ಮುಂದುವರಿಸಲು ದೂರದ ಊರಿಗೆ ಹೋಗಬೇಕಾಗಿ ಬಂದುದರಿಂದ, ಬಾಲಕ ಸೆರ್ಗೈ ನೇಝಿನ್ ಎಂಬ ಊರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದನು. ತಂದೆ ತೀರಿಕೊಂಡರೆಂದೇ ಅವನಿಗೆ ಹೇಳಲಾಗಿತ್ತು. ಓರಗೆಯ ಮಕ್ಕಳ ಸಹವಾಸ ಅವನಿಗೆ ಕಡಮೆ; ಒಂಟಿತನವೇ ಹೆಚ್ಚು.

೧೯೧೧ರಲ್ಲಿ ಆ ಸಣ್ಣ ಊರಿಗೆ ಉತೋಚ್ಕಿನ್ ಎಂಬ ಪ್ರಸಿದ್ಧ ವೈಮಾನಿಕನು ತನ್ನ ವಿಮಾನವನ್ನು ತಂದು ಹಾರಾಟವನ್ನು ಪ್ರದರ್ಶಿಸಿದನು. ವಿಮಾನ ಎಂಬುದೇ ಆಗ ಅಪೂರ್ವ ವಸ್ತು. ಜನಜಂಗುಳಿಯ ನಡುವೆ ಅಜ್ಜನ ಹೆಗಲೇರಿ ಕುಳಿತ ನಾಲ್ಕು ವರ್ಷದ ಬಾಲಕ ಆ ಯಂತ್ರವು ನೆಲವನ್ನು ಬಿಟ್ಟು ಮೇಲೇಳುವುದನ್ನು ಕಂಡನು. ಆಗ ಮೇಲಕ್ಕೆತ್ತಿದ ಕಣ್ಣುಗಳನ್ನು ಅವನು ಬಾಳಿನುದ್ದಕ್ಕೂ ಕೆಳಗಿಳಿಸಲಿಲ್ಲವೆನ್ನಬಹುದು.

ಮುಂದೆ ತಾಯಿ ಗ್ರಿಗೊರಿ ಬಲಾನಿನ್ ಎಂಬ ವಿದ್ಯುತ್ ಎಂಜಿನಿಯರನ್ನು ಮದುವೆಯಾದರು. ೧೯೧೭ರಲ್ಲಿ ಕುಟುಂಬ ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ ನೆಲಸಿತು. ಮಲತಂದೆ ಸಜ್ಜನರು, ಹುಡುಗನ ಓದಿಗೆ ಒತ್ತಾಸೆಯಾಗಿ ನಿಂತರು. ಆದರೆ ಅದು ಕ್ರಾಂತಿಯ ಕಾಲ. ಶಾಲೆಗಳು ಮುಚ್ಚಿದ್ದವು, ಅನ್ನಕ್ಕೆ ಅಭಾವವಿತ್ತು. ಸೆರ್ಗೈ ಬಹುಕಾಲ ಮನೆಯಲ್ಲಿಯೇ ಓದಿ, ಅನಂತರ ಕಟ್ಟಡ ಕೆಲಸವನ್ನು ಕಲಿಸುವ ವೃತ್ತಿಶಾಲೆಯನ್ನು ಸೇರಿದನು. ಅಲ್ಲಿ ಮರಗೆಲಸ ಕಲಿತನು. ಮನೆಗಳ ಮಾಡಿಗೆ ಹೆಂಚು ಹೊದಿಸುವ ಕೆಲಸವನ್ನೂ ಮಾಡಿದನು. ಒಡೆಸ್ಸಾದ ಬಂದರಿನಲ್ಲಿ ನೀರಿನ ಮೇಲೆ ಇಳಿಯಬಲ್ಲ ವಿಮಾನಗಳ ಒಂದು ದಳವಿತ್ತು. ಬಿಡುವಿನ ವೇಳೆಯೆಲ್ಲ ಅಲ್ಲಿಯೇ. ಹದಿನೇಳನೆಯ ವಯಸ್ಸಿಗೆ ಅವನು ಎಂಜಿನ್ನಿಲ್ಲದೆ ಹಾರುವ ಗ್ಲೈಡರ್ ಒಂದನ್ನು ತಾನೇ ಯೋಜಿಸಿ ಅದರ ನಕ್ಷೆಗಳನ್ನು ಸಿದ್ಧಪಡಿಸಿದ್ದನು.

ಕೀವ್ ನಗರದಲ್ಲಿ ಎರಡು ವರ್ಷ ಓದಿ, ೧೯೨೬ರಲ್ಲಿ ಕೊರೊಲೆವ್ ಮಾಸ್ಕೋದ ಉನ್ನತ ತಾಂತ್ರಿಕ ವಿದ್ಯಾಲಯವನ್ನು ಸೇರಿದರು. ಅಲ್ಲಿ ಅವರ ಅಂತಿಮ ಯೋಜನೆಗೆ ಮಾರ್ಗದರ್ಶಕರಾಗಿದ್ದವರು ವಿಮಾನ ವಿನ್ಯಾಸದಲ್ಲಿ ಮಹಾ ಮೇಧಾವಿಯೆಂದು ಹೆಸರಾದ ಆಂದ್ರೇ ತುಪೊಲೆವ್. ಈ ಗುರುಶಿಷ್ಯ ಸಂಬಂಧ ಮುಂದೆ ಒಂದು ಘೋರ ಸಂದರ್ಭದಲ್ಲಿ ಕೊರೊಲೆವ್ ಅವರ ನೆರವಿಗೆ ಬಂದಿತು.

ವಿಮಾನವು ಗಾಳಿಯನ್ನು ಅವಲಂಬಿಸಿ ಹಾರುತ್ತದೆ. ಗಾಳಿ ಇಲ್ಲದೆಡೆ ಅದರ ರೆಕ್ಕೆ ನಿಷ್ಪ್ರಯೋಜಕ. ರಾಕೆಟ್ಟಾದರೆ ಉರಿದ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿ, ಅದರ ಪ್ರತಿಕ್ರಿಯೆಯಿಂದಲೇ ಮುಂದಕ್ಕೆ ನೆಗೆಯುತ್ತದೆ. ಉರಿಯಲು ಬೇಕಾದ ಆಮ್ಲಜನಕವನ್ನೂ ತಾನೇ ಹೊತ್ತೊಯ್ಯುತ್ತದೆ. ಆದುದರಿಂದ ವಾಯುಮಂಡಲದ ಆಚೆಗೂ ಅದು ಹೋಗಬಲ್ಲದು. ಈ ತತ್ತ್ವವನ್ನು ಲೆಕ್ಕಾಚಾರ ಸಹಿತ ನಿರೂಪಿಸಿದವರು ರಷ್ಯದ ಒಬ್ಬ ಶಾಲಾ ಉಪಾಧ್ಯಾಯರಾದ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೋವ್‌ಸ್ಕಿ. ಅವರ ವಿಚಾರಗಳಿಂದ ಪ್ರೇರಿತರಾದ ಫ್ರಿಡ್ರಿಖ್ ತ್ಸಾಂಡರ್ ಮತ್ತು ಕೊರೊಲೆವ್ ಮೊದಲಾದವರು ೧೯೩೧ರಲ್ಲಿ ಮಾಸ್ಕೋದಲ್ಲಿ ರಾಕೆಟ್ ಅಭ್ಯಾಸಿಗಳ ತಂಡವೊಂದನ್ನು ಕಟ್ಟಿದರು. ಒಂದು ನೆಲಮಾಳಿಗೆಯೇ ಅವರ ಕಾರ್ಯಾಗಾರ. ೧೯೩೩ರ ಆಗಸ್ಟ್ ೧೭ರಂದು, ಮಿಖಾಯಿಲ್ ತಿಖೊನ್ರಾವೊವ್ ಎಂಬ ಗೆಳೆಯರು ವಿನ್ಯಾಸಗೊಳಿಸಿದ ಅವರ ರಾಕೆಟ್ಟು ಮಾಸ್ಕೋದ ಹೊರವಲಯದಲ್ಲಿ ಸುಮಾರು ೪೦೦ ಮೀಟರ್ ಎತ್ತರಕ್ಕೆ ಏರಿ ಬಿದ್ದಿತು. ಅದರ ಹಾರಾಟ ನಡೆದದ್ದು ೧೮ ಸೆಕೆಂಡು. ಅದನ್ನು ನೋಡುವ ಭಾಗ್ಯ ತ್ಸಾಂಡರ್ ಅವರಿಗಿರಲಿಲ್ಲ. ಆ ವರ್ಷದ ಮಾರ್ಚ್ ತಿಂಗಳಿನಲ್ಲಿಯೇ ಅವರು ತೀರಿಕೊಂಡಿದ್ದರು.

ಸರ್ಕಾರದ ಗಮನ ಈ ತಂಡದ ಕಡೆಗೆ ಹರಿಯಿತು. ರಾಕೆಟ್ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಕೊರೊಲೆವ್ ಅಲ್ಲಿ ಉತ್ಸಾಹದಿಂದ ದುಡಿಯತೊಡಗಿದರು. ಅಷ್ಟರಲ್ಲಿ ದೇಶಕ್ಕೆ ಕರಾಳ ದಿನಗಳು ಬಂದುವು. ಸ್ಟಾಲಿನ್ನನ ಆಳ್ವಿಕೆಯಲ್ಲಿ ಸಂಶಯವೇ ಸಾಕ್ಷ್ಯವಾಗಿ, ಸಾವಿರಾರು ಮಂದಿ ನಿರಪರಾಧಿಗಳು ಸೆರೆಮನೆಗಳಿಗೂ ವಧಾಸ್ಥಾನಗಳಿಗೂ ನೂಕಲ್ಪಟ್ಟರು. ಸಂಸ್ಥೆಯ ಮುಖ್ಯಸ್ಥರೇ ಗುಂಡಿಗೆ ಬಲಿಯಾದರು. ೧೯೩೮ರ ಜೂನ್ ೨೭ರ ಇರುಳು ಪೊಲೀಸರು ಕೊರೊಲೆವ್ ಅವರ ಮನೆಯ ಬಾಗಿಲನ್ನು ತಟ್ಟಿದರು. ದೇಶಕ್ಕೆ ಬೇಕೆಂದೇ ಹಾನಿ ಮಾಡಿದರೆಂಬುದು ಅವರ ಮೇಲಿನ ಸುಳ್ಳು ಆರೋಪ. ಆಗ ಅವರ ವಯಸ್ಸು ಮೂವತ್ತೊಂದು; ಮಗಳು ನತಾಲಿಯಾ ಮೂರು ವರ್ಷದ ಕೂಸು. ವಿಚಾರಣೆಯ ಹೆಸರಿನಲ್ಲಿ ಅವರನ್ನು ಹೊಡೆದು ಹಿಂಸಿಸಿ, ಹತ್ತು ವರ್ಷಗಳ ಶಿಕ್ಷೆ ವಿಧಿಸಲಾಯಿತು.

ಸೈಬೀರಿಯದ ಪೂರ್ವದ ತುದಿಯಲ್ಲಿ ಕೊಲಿಮಾ ಎಂಬ ಪ್ರದೇಶವಿದೆ. ಚಳಿಗಾಲದಲ್ಲಿ ಅಲ್ಲಿ ಪಾದರಸವೂ ಹೆಪ್ಪುಗಟ್ಟುವಷ್ಟು ಶೈತ್ಯ. ಅಲ್ಲಿನ ಮಾಲ್ದ್ಯಾಕ್ ಚಿನ್ನದ ಗಣಿಯಲ್ಲಿ ಕೊರೊಲೆವ್ ಕೂಲಿಯ ಕೈದಿಯಾದರು. ಅರೆಹೊಟ್ಟೆಯ ಊಟ, ಹರಕು ಬಟ್ಟೆ, ಎಡೆಬಿಡದ ದುಡಿಮೆ. ತಾಜಾ ಆಹಾರದ ಅಭಾವದಿಂದ ಹುಟ್ಟುವ ಸ್ಕರ್ವಿ ರೋಗ ತಗುಲಿ ಅವರ ಹಲವು ಹಲ್ಲುಗಳು ಉದುರಿಹೋದುವು. ಜೊತೆಯ ಕೈದಿಗಳು ಅನೇಕರು ಅಲ್ಲಿಯೇ ಮಣ್ಣಾದರು. ಇತ್ತ ತಾಯಿ ಮಾರಿಯಾ ಮಗನ ಬಿಡುಗಡೆಗಾಗಿ ಅಧಿಕಾರಿಗಳಿಗೆ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಲೇ ಇದ್ದರು. ಕೊನೆಗೆ ಮೊಕದ್ದಮೆಯ ಮರುವಿಚಾರಣೆಗೆಂದು ಕೊರೊಲೆವ್ ಅವರನ್ನು ಮಾಸ್ಕೋಗೆ ಕರೆತಂದರು. ಅಷ್ಟು ಹೊತ್ತಿಗೆ ಗುರು ತುಪೊಲೆವ್ ಅವರೂ ಕೈದಿಯಾಗಿದ್ದರು! ಸೆರೆಯಲ್ಲಿರುವ ಎಂಜಿನಿಯರುಗಳಿಂದಲೇ ಯುದ್ಧವಿಮಾನಗಳ ವಿನ್ಯಾಸ ಮಾಡಿಸುವ ಕಾವಲಿನ ಕಾರ್ಯಾಗಾರವೊಂದು ಅವರ ನೇತೃತ್ವದಲ್ಲಿ ನಡೆಯುತ್ತಿತ್ತು. ತುಪೊಲೆವ್ ತಮ್ಮ ಹಳೆಯ ಶಿಷ್ಯನನ್ನು ಅಲ್ಲಿಗೆ ಕೇಳಿ ಪಡೆದುಕೊಂಡರು. ಕೊರೊಲೆವ್ ಬದುಕಿ ಉಳಿದದ್ದು ಹೀಗೆ.

೧೯೪೪ರಲ್ಲಿ ಬಿಡುಗಡೆಯಾಯಿತು; ಆದರೆ ಅವರು ನಿರಪರಾಧಿಯೆಂದು ಸರ್ಕಾರ ಪೂರ್ಣವಾಗಿ ಒಪ್ಪಿಕೊಂಡದ್ದು ೧೯೫೭ರಲ್ಲಿ. ಇಷ್ಟೆಲ್ಲ ಅನುಭವಿಸಿದ ಮನುಷ್ಯನ ಮನಸ್ಸು ಕಹಿಯಾಗಿ ಮುದುಡಿಹೋಗಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಕೊರೊಲೆವ್ ಮತ್ತೆ ತಮ್ಮ ರಾಕೆಟ್ಟಿನ ಬಳಿಗೆ ಹೋದರು. ಎರಡನೆಯ ಮಹಾಯುದ್ಧ ಮುಗಿದಾಗ, ಸೋತ ಜರ್ಮನಿಯ ವಿ-೨ ಎಂಬ ರಾಕೆಟ್ಟನ್ನು ಅಭ್ಯಾಸ ಮಾಡಲು ಅವರನ್ನು ಅಲ್ಲಿಗೆ ಕಳುಹಿಸಲಾಯಿತು. ೧೯೪೬ರಲ್ಲಿ ಅವರು ದೂರಗಾಮಿ ಕ್ಷಿಪಣಿಗಳ ಮುಖ್ಯ ವಿನ್ಯಾಸಕಾರರಾಗಿ ನೇಮಕಗೊಂಡರು. ವೋಲ್ಗಾ ನದಿಯ ಕೆಳದಂಡೆಯ ಕಡೆಗಿರುವ ಕಪೂಸ್ಟಿನ್ ಯಾರ್ ಎಂಬ ಹುಲ್ಲುಗಾವಲಿನಲ್ಲಿ, ೧೯೪೮ರಲ್ಲಿ, ಅವರ ತಂಡ ನಿರ್ಮಿಸಿದ ಮೊದಲ ದೊಡ್ಡ ರಾಕೆಟ್ಟು ಯಶಸ್ವಿಯಾಗಿ ಹಾರಿತು.

ಸರ್ಕಾರಕ್ಕೆ ಬೇಕಾಗಿದ್ದುದು ಶತ್ರುದೇಶವನ್ನು ತಲಪಬಲ್ಲ ಆಯುಧ. ಕೊರೊಲೆವ್ ಆ ಆಯುಧವನ್ನು ಮಾಡಿಕೊಟ್ಟರೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದರ ಶಕ್ತಿಯನ್ನು ಮತ್ತೊಂದು ಕಾರ್ಯಕ್ಕೂ ಬಳಸಬಹುದೆಂದು ಅವರು ಬಲ್ಲವರಾಗಿದ್ದರು. ಆರ್-೭ ಎಂದು ಹೆಸರಾದ ಅವರ ಮಹಾರಾಕೆಟ್ಟಿನಲ್ಲಿ ನಡುವೆ ಒಂದು ಭಾಗ, ಅದರ ಸುತ್ತ ನಾಲ್ಕು ಭಾಗಗಳು. ನಿರ್ವಾತದಲ್ಲಿ ಎಂಜಿನ್ನು ಹೊತ್ತಿಕೊಳ್ಳುವುದೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಗೊಡದೆ, ಐದೂ ಭಾಗಗಳ ಎಂಜಿನ್ನುಗಳನ್ನು ನೆಲದ ಮೇಲೆಯೇ ಹೊತ್ತಿಸುವುದು ಇದರ ವಿಶೇಷ. ೧೯೫೭ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ನಡೆದ ಪರೀಕ್ಷೆಗಳು ವಿಫಲವಾದುವು. ಆಗಸ್ಟ್ ೨೧ರಂದು ಅದು ಸಾವಿರಾರು ಕಿಲೋಮೀಟರ್ ದೂರ ಹಾರಿ ಗುರಿಯ ಪ್ರದೇಶವನ್ನು ತಲಪಿತು.

ಉಪಗ್ರಹದ ಯೋಚನೆ ಅಷ್ಟರಲ್ಲಿ ಸಿದ್ಧವಾಗಿತ್ತು. ಹಿಂದೆ ೪೦೦ ಮೀಟರ್ ಹಾರಿದ ರಾಕೆಟ್ಟನ್ನು ಯೋಜಿಸಿದ್ದ ಅದೇ ತಿಖೊನ್ರಾವೊವ್ ಈ ಕಾರ್ಯದಲ್ಲಿ ಅವರ ಬಲಗೈಯಾಗಿದ್ದರು. ಅನೇಕ ಉಪಕರಣಗಳನ್ನುಳ್ಳ ಭಾರವಾದ ಉಪಗ್ರಹವೊಂದನ್ನು ಮೊದಲು ಯೋಜಿಸಿದ್ದರು. ಅದು ತಡವಾಗುತ್ತಿತ್ತು. ಅಮೆರಿಕವೂ ಉಪಗ್ರಹವನ್ನು ಹಾರಿಸುವುದಾಗಿ ೧೯೫೫ರಲ್ಲಿಯೇ ಸಾರಿತ್ತು. ಆಗ ಅವರು ಅತ್ಯಂತ ಸರಳವಾದ ಒಂದು ಉಪಗ್ರಹ ಸಾಕೆಂದು ನಿರ್ಧರಿಸಿದರು. ಅಲ್ಯೂಮಿನಿಯಮ್ ಮಿಶ್ರಲೋಹದ ಒಂದು ಗೋಳ. ವ್ಯಾಸ ೫೮ ಸೆಂಟಿಮೀಟರ್, ತೂಕ ೮೩.೬ ಕಿಲೋಗ್ರಾಂ. ಒಳಗೆ ಬ್ಯಾಟರಿಗಳು ಮತ್ತು ರೇಡಿಯೋ ಪ್ರೇಷಕ. ಹೊರಗೆ ನಾಲ್ಕು ಉದ್ದನೆಯ ಆಂಟೆನಾಗಳು. ಅದರ ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜಿ ಹೊಳಪಿಡಬೇಕೆಂದು ಕೊರೊಲೆವ್ ಪಟ್ಟುಹಿಡಿದರು. ಸೂರ್ಯನ ತಾಪವನ್ನು ಹಿಂದಕ್ಕೆ ತಳ್ಳಲು ಆ ಹೊಳಪು ಅಗತ್ಯವಾಗಿತ್ತು. ಬೆಳಕನ್ನು ಭೂಮಿಯ ಕಡೆಗೆ ಪ್ರತಿಫಲಿಸಲೂ ಅದು ಬೇಕಾಗಿತ್ತು.

ಕಝಾಕಸ್ತಾನದ ಬಯಲಿನಲ್ಲಿ, ಮುಂದೆ ಬೈಕನೂರ್ ಎಂದು ಪ್ರಸಿದ್ಧವಾದ ನೆಲೆಯಿಂದ, ಅಕ್ಟೋಬರ್ ೪ರ ರಾತ್ರಿ ರಾಕೆಟ್ಟು ಮೇಲೆದ್ದಿತು. ನಮ್ಮ ಗಡಿಯಾರದಲ್ಲಿ ಆಗ ಅಕ್ಟೋಬರ್ ೫ರ ನಡುರಾತ್ರಿ ಕಳೆದು ೧೨ ಗಂಟೆ ೫೮ ನಿಮಿಷ. ಐದು ನಿಮಿಷಗಳಿಗೆ ತುಸು ಮಿಕ್ಕ ಕಾಲದಲ್ಲಿ ಗೋಳವು ರಾಕೆಟ್ಟಿನಿಂದ ಬೇರೆಯಾಯಿತು. ಸಂಕೇತ ಕೇಳಿಸಿತು, ಒಡನೆಯೇ ಅದು ದಿಗಂತದ ಆಚೆಗೆ ಸರಿದು ಮೌನವಾಯಿತು. ಸುತ್ತಲಿನವರು ಹರ್ಷದಿಂದ ಕುಣಿದಾಡಿದರೂ ಕೊರೊಲೆವ್ ಗೆಲವನ್ನು ಸಾರಲು ಒಪ್ಪಲಿಲ್ಲ. ಉಪಗ್ರಹ ಭೂಮಿಯನ್ನು ಒಂದು ಸುತ್ತು ಬಳಸಿ ಮರಳಬೇಕು. ಅದರ ದನಿ ಮತ್ತೆ ಕೇಳಬೇಕು. ಸುಮಾರು ಒಂದೂವರೆ ಗಂಟೆಯ ಕಾಯುವಿಕೆಯ ಬಳಿಕ ಪಶ್ಚಿಮದ ಕಡೆಯಿಂದ ಆ ಸಣ್ಣ ಸದ್ದು ಮರಳಿ ಬಂದಿತು. ಆ ಬಳಿಕವೇ ಅವರು ಮಾಸ್ಕೋಗೆ ವಾರ್ತೆಯನ್ನು ಕಳುಹಿಸಿದರು.

ಉಪಗ್ರಹವು ೯೬ ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು. ಅದರ ಹಾದಿ ಭೂಮಧ್ಯರೇಖೆಗೆ ೬೫ ಡಿಗ್ರಿ ಓರೆಯಾಗಿದ್ದುದರಿಂದ ಜನವಸತಿಯುಳ್ಳ ಬಹುಪಾಲು ನಾಡುಗಳ ಮೇಲೆ ಅದು ಹಾದುಹೋಗುತ್ತಿತ್ತು. ಇಲ್ಲಿ ಒಂದು ಸ್ವಾರಸ್ಯವುಂಟು. ಅಂದು ಜನರು ಬರಿಗಣ್ಣಿನಿಂದ ಕಂಡು ಸ್ಪುಟ್ನಿಕ್ ಎಂದು ಬೆರಗಾದ ಚುಕ್ಕಿ ನಿಜವಾಗಿ ಆ ಗೋಳವಾಗಿರಲಿಲ್ಲ. ಎಷ್ಟೇ ಹೊಳಪಿದ್ದರೂ ಅಷ್ಟು ಪುಟ್ಟ ಗೋಳ ಬರಿಗಣ್ಣಿಗೆ ಕಾಣುವುದು ಬಲುಕಷ್ಟ. ಬರಿಗಣ್ಣಿನ ಶಕ್ತಿಯ ಕೊನೆಯ ಅಂಚಿನಲ್ಲಿ ಅದರ ಬೆಳಕಿತ್ತು. ಅದರ ಜೊತೆಯಲ್ಲಿಯೇ ಕಕ್ಷೆಯನ್ನು ಸೇರಿದ್ದ ರಾಕೆಟ್ಟಿನ ನಡುಭಾಗವೇ ಎಲ್ಲರಿಗೂ ಕಂಡದ್ದು. ೨೫ ಮೀಟರಿಗೂ ಮಿಗಿಲಾದ ಉದ್ದದ ಆ ಖಾಲಿ ಕೊಳವೆ ಬಾನಿನಲ್ಲಿ ಉರುಳುತ್ತ ಸಾಗುವಾಗ, ಬಿಸಿಲಿಗೆ ತನ್ನ ಮಗ್ಗುಲನ್ನು ಒಡ್ಡಿದಾಗ ಪ್ರಕಾಶವಾಗಿಯೂ, ತುದಿಯನ್ನು ಒಡ್ಡಿದಾಗ ಮಂಕಾಗಿಯೂ ತೋರುತ್ತಿತ್ತು. ಇಂದಿಗೂ ಆಕಾಶದಲ್ಲಿ ಬೆಳಕು ಏರಿಳಿಯುತ್ತ ಸಾಗುವ ಚುಕ್ಕಿಯನ್ನು ಕಂಡರೆ, ಅದು ಹೀಗೆ ಉರುಳುತ್ತಿರುವ ಹಳೆಯ ರಾಕೆಟ್ಟಿನ ಭಾಗವಿರಬಹುದೆಂದು ಊಹಿಸಬಹುದು.

ಹೀಗೆ ನೋಡುವುದು ಬರಿಯ ಕುತೂಹಲದ ವಿಷಯವಾಗಿರಲಿಲ್ಲ. ಯಾವ ಕ್ಷಣದಲ್ಲಿ, ಯಾವ ನಕ್ಷತ್ರದ ಬಳಿ ಉಪಗ್ರಹ ಹಾದುಹೋಯಿತೆಂಬುದನ್ನು ಗುರುತಿಸಿದರೆ ಅದರ ಕಕ್ಷೆಯನ್ನು ಲೆಕ್ಕಹಾಕಬಹುದು. ಕಕ್ಷೆ ದಿನದಿನಕ್ಕೆ ಹೇಗೆ ಬದಲಾಗುತ್ತದೆಂಬುದರಿಂದ ಮೇಲಣ ವಾಯುವಿನ ಸಾಂದ್ರತೆಯನ್ನೂ ಭೂಮಿಯ ಆಕಾರವನ್ನೂ ತಿಳಿಯಬಹುದು. ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪಲ್ ಅವರು ಇದಕ್ಕೆಂದು ಹವ್ಯಾಸಿಗಳ ತಂಡಗಳನ್ನು ಮುಂಚೆಯೇ ಸಂಘಟಿಸಿದ್ದರು. ವಿದ್ಯಾರ್ಥಿಗಳು, ಉಪಾಧ್ಯಾಯರು, ಗೃಹಿಣಿಯರು ಸಾಲಾಗಿ ಕುಳಿತು ಸಣ್ಣ ದೂರದರ್ಶಕಗಳಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಉಪಗ್ರಹಗಳ ಚಿತ್ರ ತೆಗೆಯುವ ಬೃಹತ್ ಕ್ಯಾಮರಾಗಳನ್ನು ಲೋಕದ ಹನ್ನೆರಡು ಕಡೆ ಸ್ಥಾಪಿಸಲಾಯಿತು. ಅವುಗಳಲ್ಲಿ ಒಂದು ನಮ್ಮ ದೇಶದ ನೈನಿತಾಲಿನಲ್ಲಿತ್ತು. ಸೋವಿಯತ್ ಒಕ್ಕೂಟದ ಉಪಗ್ರಹವನ್ನು ಅದರ ಎದುರಾಳಿ ದೇಶದ ಸಾಮಾನ್ಯ ಪ್ರಜೆಗಳು ಇರುಳು ನಿದ್ದೆಗೆಟ್ಟು ನೋಡಿ ಲೆಕ್ಕ ಬರೆದರು. ಆಕಾಶಕ್ಕೆ ಗಡಿಗಳಿಲ್ಲವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ರಾಕೆಟ್ಟಿನ ನಡುಭಾಗವು ಅದೇ ವರ್ಷದ ಡಿಸೆಂಬರ್ ಆರಂಭದಲ್ಲಿ ಕೆಳಗಿಳಿದು ವಾಯುಮಂಡಲದಲ್ಲಿ ಉರಿದುಹೋಯಿತು. ೧೯೫೮ರ ಜನವರಿ ೪ರಂದು ಗೋಳವೂ ಅದೇ ದಾರಿಯನ್ನು ಹಿಡಿಯಿತು. ಅಷ್ಟರಲ್ಲಿ, ೧೯೫೭ರ ನವೆಂಬರ್ ೩ರಂದು, ಎರಡನೆಯ ಸ್ಪುಟ್ನಿಕ್ ಹಾರಿತ್ತು. ಅದರೊಳಗೆ ಲೈಕಾ ಎಂಬ ಹೆಣ್ಣುನಾಯಿ ಇತ್ತು. ಅದನ್ನು ಮರಳಿ ತರುವ ಉಪಾಯ ಆಗಿನ್ನೂ ತಿಳಿದಿರಲಿಲ್ಲ; ತಾಪವನ್ನು ತಾಳಲಾರದೆ ಕೆಲವೇ ಗಂಟೆಗಳಲ್ಲಿ ಆ ಮೂಕಪ್ರಾಣಿ ಸತ್ತಿತು. ಈ ಉಪಗ್ರಹ ರಾಕೆಟ್ಟಿನ ಭಾಗಕ್ಕೆ ಅಂಟಿಕೊಂಡೇ ಸುತ್ತುತ್ತಿದ್ದುದರಿಂದ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ೧೯೫೮ರ ಏಪ್ರಿಲ್ ೧೪ರಂದು ಅದು ಉರಿಯುತ್ತ ಬಿದ್ದುದನ್ನು ಅಟ್ಲಾಂಟಿಕ್ ಸಾಗರದ ಪಶ್ಚಿಮ ತೀರದ ಅನೇಕರು ಕಂಡರು. ಇರುಳ ಬಾನಿನ ಆ ಸುಂದರ ಚುಕ್ಕಿಯ ಹಿಂದೆ ಒಂದು ಜೀವದ ಬಲಿಯಿತ್ತೆಂಬುದನ್ನು ಮರೆಯುವಂತಿಲ್ಲ.

ಕೊರೊಲೆವ್ ಅವರ ದೃಷ್ಟಿ ಈಗ ಚಂದ್ರನ ಕಡೆಗೆ ತಿರುಗಿತು. ಚಂದ್ರನತ್ತ ಹೋಗುವ ನೌಕೆಯನ್ನು ಭೂಮಿಯಿಂದ ನೋಡುವುದೆಂತು? ಅದಕ್ಕೆ ಅವರ ತಂಡ ಒಂದು ಜಾಣ್ಮೆಯ ಉಪಾಯವನ್ನು ಹೂಡಿತು. ೧೯೫೯ರ ಜನವರಿ ೩ರಂದು, ಭೂಮಿಯಿಂದ ಒಂದು ಲಕ್ಷ ಕಿಲೋಮೀಟರಿಗೂ ಆಚೆ ಸಾಗುತ್ತಿದ್ದ ಲೂನಾ-೧ ಎಂಬ ನೌಕೆ ಒಂದು ಕಿಲೋಗ್ರಾಂ ಸೋಡಿಯಮ್ಮನ್ನು ಆವಿಯಾಗಿಸಿ ಹೊರಚೆಲ್ಲಿತು. ಬಿಸಿಲಿನಲ್ಲಿ ಅದು ಕಿತ್ತಳೆಬಣ್ಣದ ಧೂಮಕೇತುವಿನಂತೆ ಹರಡಿ ಬೆಳಗಿತು. ಹಿಂದೂ ಮಹಾಸಾಗರದ ಮೇಲಣ ಬಾನಿನಲ್ಲಿ ಆರನೆಯ ದರ್ಜೆಯ ನಕ್ಷತ್ರದಷ್ಟು, ಎಂದರೆ ತೀಕ್ಷ್ಣವಾದ ಬರಿಗಣ್ಣಿಗೆ ನಿಲುಕುವ ಕಟ್ಟಕಡೆಯ ನಕ್ಷತ್ರದಷ್ಟು, ಅದರ ಕಾಂತಿಯಿತ್ತು. ಲೂನಾ-೧ ಚಂದ್ರನನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೂನಾ-೨ ಚಂದ್ರನ ನೆಲವನ್ನು ಮುಟ್ಟಿತು. ಅಕ್ಟೋಬರಿನಲ್ಲಿ ಲೂನಾ-೩, ಅಲ್ಲಿಯವರೆಗೆ ಯಾರೂ ಕಾಣದಿದ್ದ ಚಂದ್ರನ ಹಿಂಬದಿಯ ಚಿತ್ರವನ್ನು ಕಳುಹಿಸಿತು. ೧೯೬೧ರ ಏಪ್ರಿಲ್ ೧೨ರಂದು ಯೂರಿ ಗಗಾರಿನ್ ಕೊರೊಲೆವ್ ಅವರ ನೌಕೆಯಲ್ಲಿ ಕುಳಿತು ೧೦೮ ನಿಮಿಷಗಳ ಯಾತ್ರೆಯನ್ನು ಮುಗಿಸಿ ಕ್ಷೇಮವಾಗಿ ಮರಳಿದರು. ೧೯೬೩ರಲ್ಲಿ ವ್ಯಾಲೆಂಟಿನಾ ತೆರೆಷ್ಕೋವಾ ಮೊದಲ ಮಹಿಳಾ ಗಗನಯಾತ್ರಿಯಾದರು. ೧೯೬೫ರಲ್ಲಿ ಅಲೆಕ್ಸಿ ಲಿಯೊನೊವ್ ನೌಕೆಯಿಂದ ಹೊರಬಂದು ಶೂನ್ಯದಲ್ಲಿ ತೇಲಿದ ಮೊದಲಿಗರೆನಿಸಿದರು.

ಲೋಕವೆಲ್ಲ ಈ ಯಾತ್ರಿಗಳಿಗೆ ಹೂಮಾಲೆ ಹಾಕಿತು. ಅವರನ್ನು ಕಳುಹಿಸಿದವರು ತೆರೆಯ ಮರೆಯಲ್ಲಿಯೇ ಉಳಿದರು. ಶತ್ರುಗಳಿಂದ ಅವರಿಗೆ ಅಪಾಯವಿದೆಯೆಂಬುದು ಸರ್ಕಾರ ಹೇಳಿದ ಕಾರಣ. ಅವರ ಭಾವಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುವಂತಿರಲಿಲ್ಲ. ಲೇಖನ ಬರೆದರೆ ಕೆ. ಸೆರ್ಗೆಯೆವ್ ಎಂಬ ಹುಸಿಹೆಸರನ್ನು ಹಾಕಬೇಕಾಗಿತ್ತು. ಮಾಸ್ಕೋದ ಕೆಂಪು ಚೌಕದಲ್ಲಿ ಗಗಾರಿನ್ ಅವರಿಗೆ ವೈಭವದ ಸ್ವಾಗತ ನಡೆದಾಗ ವೇದಿಕೆಯ ಮೇಲೆ ಕೊರೊಲೆವ್ ಇರಲಿಲ್ಲ. ಈ ಅಜ್ಞಾತವಾಸ ಅವರಿಗೆ ನೋವನ್ನು ತಂದಿರಲೇಬೇಕು. ಒಮ್ಮೆ ಸುಳ್ಳು ಆರೋಪದಿಂದ ಅವರ ಹೆಸರಿಗೆ ಮಸಿ ಬಳಿದ ಸರ್ಕಾರವೇ, ಅವರು ಕೀರ್ತಿಗೆ ಅರ್ಹರಾದಾಗ ಆ ಹೆಸರನ್ನು ಅಡಗಿಸಿಟ್ಟಿತು. ಆದರೂ ಅವರ ದುಡಿಮೆ ಸಡಿಲಗೊಳ್ಳಲಿಲ್ಲ. ಕೆಲಸದಲ್ಲಿ ಅವರು ಕಠಿಣರು, ಮುಂಗೋಪಿಗಳು; ಅಷ್ಟೇ ಬೇಗ ಶಾಂತರಾಗುವವರು. ಸಾವಿರಾರು ಜನರ ದುಡಿಮೆಯನ್ನು ಒಂದು ಗುರಿಯ ಕಡೆಗೆ ನಡೆಸುವ ಸಾಮರ್ಥ್ಯ ಅವರಲ್ಲಿ ಅಸಾಧಾರಣವಾಗಿತ್ತು.

ಮಾನವನನ್ನು ಚಂದ್ರನಿಗೆ ಕಳುಹಿಸುವ ರಾಕೆಟ್ಟನ್ನು ಅವರು ಯೋಜಿಸುತ್ತಿದ್ದಾಗಲೇ ಆರೋಗ್ಯ ಕೆಟ್ಟಿತು. ಕರುಳಿನಲ್ಲಿ ಬೆಳೆದ ಗೆಡ್ಡೆಯನ್ನು ತೆಗೆಯಲು ೧೯೬೬ರ ಜನವರಿ ೧೪ರಂದು ಮಾಸ್ಕೋದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಹೃದಯ ದುರ್ಬಲವಾಗಿತ್ತು, ಸೆರೆಯ ದಿನಗಳಲ್ಲಿ ಪೆಟ್ಟು ತಿಂದ ದವಡೆ ಸರಿಯಾಗಿ ತೆರೆಯದೆ ಉಸಿರಾಟದ ಕೊಳವೆಯನ್ನು ಇಳಿಸುವುದಕ್ಕೆ ಅಡ್ಡಿಯಾಯಿತೆಂದೂ ಹೇಳುತ್ತಾರೆ. ಐವತ್ತೊಂಬತ್ತು ತುಂಬಿದ ಎರಡೇ ದಿನಗಳಿಗೆ ಕೊರೊಲೆವ್ ತೀರಿಕೊಂಡರು. ಮುಂದಿನ ದಿನಗಳಲ್ಲಿ ಪತ್ರಿಕೆಗಳು ಮೊದಲ ಬಾರಿಗೆ ಅವರ ಹೆಸರನ್ನೂ ಚಿತ್ರವನ್ನೂ ಸಾಧನೆಗಳನ್ನೂ ಪ್ರಕಟಿಸಿದವು. ಅಂತ್ಯಯಾತ್ರೆಗೆ ಜನಸಾಗರ ನೆರೆಯಿತು. ಅವರ ಚಿತಾಭಸ್ಮವನ್ನು ಕ್ರೆಮ್ಲಿನ್ ಕೋಟೆಯ ಗೋಡೆಯಲ್ಲಿ ಇರಿಸಲಾಯಿತು. ಬದುಕಿದ್ದಾಗ ಕದ್ದಿಟ್ಟ ಹೆಸರನ್ನು ಸತ್ತ ಮೇಲೆ ಬಾನಿನಲ್ಲಿಯೂ ಬರೆದರು. ಚಂದ್ರನ ಹಿಂಬದಿಯ ಒಂದು ವಿಶಾಲ ಕುಳಿ ಇಂದು ಕೊರೊಲೆವ್ ಎಂಬ ಹೆಸರನ್ನು ಹೊತ್ತಿದೆ. ಅವರು ದುಡಿದ ಮಾಸ್ಕೋ ಬಳಿಯ ನಗರಕ್ಕೂ ೧೯೯೬ರಲ್ಲಿ ಅವರ ಹೆಸರನ್ನೇ ಇಟ್ಟರು.

ಕೊರೊಲೆವ್ ನಡೆದ ಹಾದಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಉಡುಪಿಯ ಕಡೆಯವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಭಾರತದ ಮೊದಲ ಉಪಗ್ರಹ ಆರ್ಯಭಟ ೧೯೭೫ರ ಏಪ್ರಿಲ್ ೧೯ರಂದು ಹಾರಿದ್ದು ಅದೇ ಕಪೂಸ್ಟಿನ್ ಯಾರ್ ನೆಲೆಯಿಂದ. ೧೯೮೪ರಲ್ಲಿ ರಾಕೇಶ್ ಶರ್ಮಾ ಅವರನ್ನು ಹೊತ್ತೊಯ್ದ ರಾಕೆಟ್ಟು ಕೊರೊಲೆವ್ ಅವರ ಆರ್-೭ರ ವಂಶಕ್ಕೇ ಸೇರಿದ್ದು.

ಇಂದು ಆಕಾಶದಲ್ಲಿ ನಡೆಯುವ ಚುಕ್ಕಿಗಳಿಗೆ ಬರವಿಲ್ಲ. ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ, ಒಂದೂವರೆ ಗಂಟೆಗೊಂದು ಸುತ್ತಿನಂತೆ ಸಂಚರಿಸುವ ಅಂತಾರಾಷ್ಟ್ರೀಯ ವ್ಯೋಮನಿಲ್ದಾಣ ಕೆಲವು ಸಂಜೆಗಳಲ್ಲಿ ಶುಕ್ರಗ್ರಹದಂತೆ ಬೆಳಗುತ್ತ ನಮ್ಮ ಊರುಗಳ ಮೇಲೆ ಹಾದುಹೋಗುತ್ತದೆ. ೨೦೦೦ದ ನವೆಂಬರಿನಿಂದ ಅದರಲ್ಲಿ ಮನುಷ್ಯರು ಎಡೆಬಿಡದೆ ವಾಸವಾಗಿದ್ದಾರೆ. ಒಮ್ಮೊಮ್ಮೆ ಮಣಿಸರದಂತೆ ಸಾಲುಗಟ್ಟಿ ಸಾಗುವ ಹೊಸ ಉಪಗ್ರಹಗಳೂ ಕಾಣುತ್ತವೆ. ಇವು ಹೆಚ್ಚಿದಂತೆಲ್ಲ ನಕ್ಷತ್ರಗಳ ಅಧ್ಯಯನಕ್ಕೆ ತೊಡಕಾಗುತ್ತಿದೆಯೆಂಬ ಚಿಂತೆಯೂ ಖಗೋಳವಿಜ್ಞಾನಿಗಳಿಗಿದೆ. ಇವೆಲ್ಲವನ್ನೂ ನೋಡಲು ಯಾವ ಉಪಕರಣವೂ ಬೇಡ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವಷ್ಟು ತಾಳ್ಮೆ, ಬಾನಿನ ಪರಿಚಯ ಇವೆರಡಿದ್ದರೆ ಸಾಕು.

ಸಂಜೆ ಅಂಥ ಚುಕ್ಕಿಯೊಂದು ನಿಮ್ಮ ಕಣ್ಣಿಗೆ ಬಿದ್ದಾಗ, ಅದರ ಹಿಂದೆ ಹೆಸರು ಕಾಣದ ಅಸಂಖ್ಯ ಕೈಗಳು ದುಡಿದಿವೆಯೆಂಬುದನ್ನು ನೆನೆಯಬೇಕು. ಚಿನ್ನದ ಗಣಿಯ ಕತ್ತಲಲ್ಲಿ ಸಾಯಬೇಕಾಗಿದ್ದ ಒಬ್ಬ ಕೈದಿಯ ಕೈಗಳು ಅವುಗಳಲ್ಲಿ ಮೊದಲನೆಯವು. ಲೋಕ ತನ್ನನ್ನು ಗುರುತಿಸುವುದೋ ಇಲ್ಲವೋ ಎಂದು ಕಾಯದೆ ಅವರು ಕೆಲಸವನ್ನು ಮಾಡಿ ಮುಗಿಸಿದರು. ಅನ್ಯಾಯ ಎಸಗಿದವರ ಹೆಸರುಗಳು ಮಾಸುತ್ತಿವೆ. ಅವರು ಇಟ್ಟ ಮೊದಲ ಚುಕ್ಕಿಯ ಸಂತತಿ ಮಾತ್ರ ಪ್ರತಿ ಇರುಳೂ ನಮ್ಮ ತಲೆಯ ಮೇಲೆ ನಡೆಯುತ್ತಲೇ ಇದೆ.